ಹೆಸರಿನ ಮೇಲಿನ ಹಾಳೆ

“ಒಬ್ಬರೇ ಎತ್ತೋ ಹಾಗಿಲ್ವಂತೆ ಕಣೋ, ನೀನೂ ಹಿಡ್ಕೋ,” ಎಂದ ಮುಕುಂದ.

ಗಿರಿಧರ್ ಉದ್ದನೆಯ ಕಡ್ಡಿಗಳನ್ನು ಬೆರಳಿಗೆ ಸರಿಪಡಿಸಿಕೊಂಡ. ಚಿತಾಗಾರದ ಸಿಬ್ಬಂದಿ ತೋರಿಸಿದ ಮೂಳೆಯ ಚೂರನ್ನು ಇಬ್ಬರೂ ಸೇರಿ ಎತ್ತಿ ಮಡಕೆಗೆ ಹಾಕಬೇಕು. ಜಪಾನಿನ ಪದ್ಧತಿ ಅದು. ಹದಿನೈದು ವರ್ಷದಿಂದ ಇಂಥ ಕಡ್ಡಿಗಳಲ್ಲೇ ಅನ್ನ ತಿಂದ ಕೈಗೆ ಇವತ್ತು ಹಿಡಿತ ಸಿಗಲಿಲ್ಲ. ಭೀಮಸೇನ ರಾಯರ ಮೂಳೆಯ ಚೂರು ತಟ್ಟೆಗೆ ಜಾರಿ ಬಿತ್ತು.

“ಸುಮಿಮಾಸೆನ್,” ಎಂದು ಕ್ಷಮೆ ಕೇಳಿದ. ಯಾರಿಗೆ ಹೇಳಿದನೋ ಅವನಿಗೇ ತಿಳಿಯಲಿಲ್ಲ.

ಮಂತ್ರ ಮುಕುಂದನ ಫೋನಿನಿಂದ ಬರುತ್ತಿತ್ತು. ನಡುವೆ ಒಂದು ಜಾಹೀರಾತೂ ಬಂದು ಹೋಯಿತು. ಮೂರು ವರ್ಷದ ಹಿಂದಿನವರೆಗೆ ಯಾರ ಮನೆಯಲ್ಲಿ ಸಾವಾದರೂ, ಮಗುವಿಗೆ ಹೆಸರಿಟ್ಟರೂ, ವಾಕೋ ಊರಿನ ತಮ್ಮ ಲ್ಯಾಬಿಗೆ ರಜೆ ಹಾಕಿ ಬಂದು ಮಂತ್ರ ಹೇಳುತ್ತಿದ್ದವರು ರಾಯರೇ. ಅವರ ಸರದಿ ಬಂದಾಗ ಹೇಳುವವರಿಲ್ಲ.

“ಒಳ್ಳೆ ಮನುಷ್ಯ. ಅದೊಂದು ಚಟ ಇಲ್ದಿದ್ರೆ,” ಮುಕುಂದ ದನಿ ತಗ್ಗಿಸಿದ. “ಲಿವರ್ರೇ ಇರಬೇಕು.”

“ಹಾರ್ಟ್ ಅಂತೆ.”

“ಕುಡಿದ್ರೆ ಹಾರ್ಟಿಗೂ ಹೊಡೆಯುತ್ತೆ.”

ಇವತ್ತು ಎಲ್ಲರ ಮುಂದೆ ನಿಜ ಹೇಳಿಬಿಡಬೇಕೆಂದು ಗಿರಿಧರ್ ಬರುವಾಗ ರೈಲಿನಲ್ಲೇ ತೀರ್ಮಾನ ಮಾಡಿಕೊಂಡಿದ್ದ. ಈಗ ಹೇಳಬಹುದಿತ್ತು. ಮೂಳೆ ಆರಿಸುವಾಗ ಬೇಡ, ಮನೆಯಲ್ಲಿ ಹೇಳೋಣ ಎಂದುಕೊಂಡ.

*

ಮೂರು ವರ್ಷದ ಹಿಂದೆ, ಗಣೇಶನ ಹಬ್ಬ ಹತ್ತಿರವಿದ್ದಾಗ, ಕಾವಾಸಾಕಿಯಲ್ಲಿದ್ದ ಗಿರಿಧರನ ಆಫೀಸಿನಲ್ಲಿ ಬಾಸ್ ಮೊರಿತಾ ಸಾನ್ ಒಂದು ಪಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಬಂದಿದ್ದರು. ಆರು ಬಾಟಲಿ ವೈನಿನ ಪೆಟ್ಟಿಗೆ, ಮೂರು ಕೆಂಪು, ಮೂರು ಬಿಳಿ. ಬಂದ ಲಾಭವೆಲ್ಲ ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳ ತರಬೇತಿಗೆ. ಇಡೀ ಸೆಕ್ಷನ್ ಸಹಿ ಹಾಕಿತ್ತು, ಇವನೂ ಹಾಕಿದ. ಪುಣ್ಯಕ್ಕೆ ಪುಣ್ಯ, ಬಾಸ್ ಎದುರು ಮರ್ಯಾದೆಗೆ ಮರ್ಯಾದೆ. ಆದರೆ ಮನೆಯಲ್ಲಿ ಮಡಿಯ ಅತ್ತೆ ಬಸವನಗುಡಿಯಿಂದ ಬಂದು ಇಳಿದಿದ್ದರು.

“ಸಾರ್, ಡೆಲಿವರಿಗೆ ನಿಮ್ಮ ಅಡ್ರೆಸ್ ಕೊಟ್ಬಿಟ್ಟಿದೀನಿ. ಅತ್ತೆ ವಾಪಸ್ ಹೋಗೋವರೆಗೂ ಇಟ್ಕೊಳ್ಳಿ. ಯಾರಿಗೂ ಗೊತ್ತಾಗೋದು ಬೇಡ,” ಎಂದು ಗಿರಿಧರ್ ರಾಯರನ್ನು ಕೇಳಿಕೊಂಡಿದ್ದ.

“ನಾಯಿಗಳಿಗೆ ತಾನೇ? ಇರಲಿ ಬಿಡಯ್ಯ,” ರಾಯರು ನಕ್ಕಿದ್ದರು. “ನಾನ್ಯಾಕೆ ಹೇಳಲಿ.”

ಹಬ್ಬದ ಹಿಂದಿನ ದಿನ ಪೂಜೆಯ ಸಾಮಾನು ಒಯ್ಯಲು ರಾಯರ ಮನೆಗೆ ಹೋದ ಮುಕುಂದ, ಶೂ ಕಪಾಟಿನ ಪಕ್ಕ ಆ ಪೆಟ್ಟಿಗೆ ನೋಡಿದ. ವಿಳಾಸದ ಚೀಟಿ ಗೋಡೆಯ ಕಡೆಗಿತ್ತು, ಬಾಟಲಿಗಳ ಚಿತ್ರ ಈ ಕಡೆಗೆ. ಸಂಜೆಯೊಳಗೆ ಗ್ಯೋಟೋಕು ಬಡಾವಣೆಯ ಕನ್ನಡದ ಮನೆಗಳಿಗೆಲ್ಲ ಸುದ್ದಿ ಮುಟ್ಟಿತು. ಕುಡಿಯುವವರ ಕೈಯಲ್ಲಿ ಪೂಜೆ ಮಾಡಿಸುವುದು ಹೇಗೆ ಎಂದು ವಾಟ್ಸಾಪಿನಲ್ಲಿ ಚರ್ಚೆಯಾಯಿತು. ಚರ್ಚೆ ಮಾಡಿದವರಲ್ಲಿ ಅರ್ಧ ಜನ ಶುಕ್ರವಾರದ ಆಫೀಸ್ ಪಾರ್ಟಿಯಲ್ಲಿ ಬಿಯರ್ ಬೇಡ ಎಂದವರಲ್ಲ. ಗಿರಿಧರ್ ಎಲ್ಲವನ್ನೂ ಓದಿದ, ಒಂದಕ್ಕೂ ಉತ್ತರ ಬರೆಯಲಿಲ್ಲ. ಆ ವರ್ಷದಿಂದ ಪೂಜೆ ಫೋನಿನ ಮಂತ್ರದಲ್ಲೇ ನಡೆಯಿತು. ಅತ್ತೆ ಊರಿಗೆ ಹೋದರು. ಪೆಟ್ಟಿಗೆ ತರಲು ಹೋದರೆ ಗುಟ್ಟು ಬಯಲಾಗುತ್ತದೆಂದು ಇವನು ಆ ಮನೆಯ ಕಡೆ ತಲೆ ಹಾಕಲಿಲ್ಲ.

*

ರಾಯರ ಮನೆಯಲ್ಲಿ ಏಳೆಂಟು ಜನ ಗೋಡೆಗೆ ಒರಗಿ ಕೂತಿದ್ದರು. ರಾಯರ ಹೆಂಡತಿ ಅಹಲ್ಯಾ ಅಡುಗೆಮನೆಯಿಂದ ಕರೆದರು.

“ಗಿರಿಧರ್, ಒಂದ್ನಿಮಿಷ ಬನ್ನಿ.”

ನೆಲದ ಮೇಲೆ ಆ ಪೆಟ್ಟಿಗೆ ಇತ್ತು. ಒಂದು ಪಕ್ಕಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿತ್ತು. ಅಹಲ್ಯಾ ಅದನ್ನು ಟೇಪಿನ ಸಮೇತ ನಿಧಾನವಾಗಿ ಬಿಡಿಸಿದರು. ಕೆಳಗೆ ಡೆಲಿವರಿ ಚೀಟಿ, ಅದರ ಮೇಲೆ ಗಿರಿಧರನ ಹೆಸರು.

“ಹಬ್ಬ ಆದ ಮೇಲೆ ಇದನ್ನ ಅಂಟಿಸಿದ್ರು. ಬಂದೋರು ಯಾರಾದ್ರೂ ಓದಿಬಿಟ್ರೆ ನಿಮಗೆ ತೊಂದರೆ ಅಂತ. ನಾನು ಜಗಳಾನೇ ಆಡಿದೆ. ಹೇಳೋದಾದ್ರೆ ಅವನೇ ಹೇಳ್ತಾನೆ ಬಿಡು, ಅಂದ್ರು.”

“ಅಕ್ಕ, ಇವತ್ತು ಹೇಳ್ಬೇಕು ಅಂತಲೇ ಬಂದೆ.”

“ಎಲ್ಲರೂ ಇಲ್ಲೇ ಇದಾರೆ,” ಎಂದರು ಅಹಲ್ಯಾ.

ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದ. ಚೀಟಿಯ ಕಡೆ ಎದೆಗೆ ಒತ್ತಿತ್ತು. ಹಾಗೆ ಹಿಡಿಯಬೇಕೆಂದು ಕೈಗೆ ಯಾರೂ ಹೇಳಿರಲಿಲ್ಲ.

“ಅಕ್ಕ ಅದನ್ನ ಸಾಗಹಾಕ್ತಿದಾರಾ? ಪಾಪ,” ಎಂದ ಮುಕುಂದ. “ನಿನ್ನ ಕೈಲಿ ಎಸೆಯೋಕೆ ಕೊಟ್ರಾ ಗಿರಿ?”

ಎಲ್ಲರೂ ಅವನನ್ನೇ ನೋಡಿದರು. ಹಾರ ಹಾಕಿದ ಫೋಟೋದಲ್ಲಿ ರಾಯರೂ ನೋಡುತ್ತಿದ್ದರು. ಬಾಯಿ ತೆರೆದ.

“ಹ್ಞೂಂ,” ಎಂದ.

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನಬಾರದು. ಆ ಪದ್ಧತಿಯೊಂದು ಅವನ ಕೈ ಹಿಡಿಯಿತು. ಶೂ ಹಾಕಿಕೊಳ್ಳಲು ಪೆಟ್ಟಿಗೆಯನ್ನು ಬಾಗಿಲ ಬಳಿ ಇಳಿಸಿದ, ಹೆಸರಿನ ಕಡೆಯನ್ನು ಗೋಡೆಗೆ ತಿರುಗಿಸಿದ. ಲೇಸು ಕಟ್ಟಿ ತಲೆಯೆತ್ತಿದರೆ ಅಹಲ್ಯಾ ನಿಂತಿದ್ದರು, ಕೈಯಲ್ಲಿ ಆ ಹಾಳೆ.

“ತಗೊಳ್ಳಿ,” ಎಂದರು, ಒಳಗಿನವರಿಗೆ ಕೇಳದಂತೆ. “ಟ್ರೈನಲ್ಲಿ ಬೇಕಾಗುತ್ತೆ.”

ಎರಡೂ ಕೈಯಲ್ಲಿ ತೆಗೆದುಕೊಂಡ. ಮೂರು ವರ್ಷದ ಹಿಂದಿನ ಸೆಪ್ಟೆಂಬರ್. ಚೌತಿಯ ದಿನಕ್ಕೆ ಕೆಂಪು ಪೆನ್ನಿನ ಸುತ್ತು, ಪಕ್ಕದಲ್ಲಿ ರಾಯರ ದುಂಡಗಿನ ಅಕ್ಷರ: ಪೂಜೆ ಎಂಟಕ್ಕೆ, ಬೇಗ ಏಳಬೇಕು.