ಕೆಲಸದ ಮಾತ್ರೆ

ಮೇಸ್ತ್ರಿ ಡ್ರಮ್ಮನ್ನು ಒದ್ದು ಕೆಡವಿದ. ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿಟ್ಟಿದ್ದ ಕುಡಿಯುವ ನೀರು ಅಂಗಳದ ತುಂಬ ಹರಿದು, ಹೊಲಿಗೆ ಶೆಡ್ಡಿನ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ತೇಲಿಸಿಕೊಂಡು ಹೋಯಿತು.

"ಹೊಲಿಗೆ ಹುಡುಗಿ ಗುಬ್ಬಿಗೆ ಕಾಮಾಲೆ ಆಗಿದೆ. ನಿನ್ನ ಕೊಳಕು ನೀರು ಕುಡಿದೇ ಆಗಿದ್ದು. ಈ ವಾರ ಮುಗಿಸು, ಆಮೇಲೆ ನಿನ್ನ ದಾರಿ ನೀನು ನೋಡ್ಕೋ."

ಅಡುಗೆಯಕ್ಕ ಸೌಟು ಹಿಡಿದವಳು ಹಿಡಿದಂತೆಯೇ ನಿಂತಳು. ದೇವರ ಹೆಸರು ಹೇಳದೆ ಒಂದು ದಿನವೂ ಒಲೆ ಹಚ್ಚಿದವಳಲ್ಲ ಆಕೆ. ಹಸಿದು ಬಂದವರಿಗೆ ಬಡಿಸುವುದೇ ತನ್ನ ಪಾಲಿನ ಪೂಜೆ ಎಂದು ನಂಬಿದವಳು. ಅಂಥವಳ ನೀರು ಕೊಳಕಂತೆ!

"ಆ ನೀರು ನೀನೂ ಕುಡೀತೀಯಲ್ಲೋ ಮೇಸ್ತ್ರಿ. ನಿನ್ನ ಕಣ್ಣಿನ್ನೂ ಹಳದಿಯಾಗಿಲ್ಲ, ಕೊಬ್ಬಿ ಕೆಂಪಗಾಗಿದೆ ಅಷ್ಟೆ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಡ್ರಮ್ಮಿನ ಜೊತೆಗೆ ಪಕ್ಕದ ಕಟ್ಟೆಯ ಮೇಲಿದ್ದ ಡಬ್ಬಿಯೂ ಉರುಳಿ, ಅದರೊಳಗಿನ ಕಿತ್ತಳೆ ಬಣ್ಣದ ಮಾತ್ರೆಗಳು ಚೆಲ್ಲಿದ್ದವು. ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಹೆಕ್ಕಿ, ಅಂಗಿಯ ಚುಂಗಿಗೆ ಒರೆಸಿ ಡಬ್ಬಿಗೆ ಹಾಕತೊಡಗಿದ. ನೀರು ಹರಿದು ಹೋದದ್ದರ ಕಡೆ ತಿರುಗಿಯೂ ನೋಡಲಿಲ್ಲ.

ಅದು ಪ್ರಯಾಣದ ಚೀಲಗಳನ್ನು ಹೊಲಿಯುವ ಶೆಡ್ಡು. ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ಎಳೆದೂ ಎಳೆದೂ ಭುಜ ಕಿತ್ತುಬರುತ್ತಿತ್ತು. ಬೆಳಿಗ್ಗೆ ಬಂದವರು ಡಬ್ಬಿಯಿಂದ ಒಂದು ನೋವಿನ ಮಾತ್ರೆ ತೆಗೆದು, ಅಕ್ಕನ ಡ್ರಮ್ಮಿನ ನೀರಲ್ಲಿ ನುಂಗಿ ಮಿಷಿನ್ನಿಗೆ ಕೂರುವುದು ಇಲ್ಲಿಯ ರೂಢಿ. ನೋವು ಜೋರಾದರೆ ಮಧ್ಯಾಹ್ನ ಇನ್ನೊಂದು. ಮಂಡಿನೋವಿನ ಅಕ್ಕನೂ ಅದಕ್ಕೆ ಹೊರತಲ್ಲ.

ಊಟ ಬಡಿಸಿದ್ದೇ ತಡ, ಅವಳು ಸೆರಗು ಬಿಗಿದು ಗುಬ್ಬಿಯ ಮನೆಗೆ ಹೊರಟಳು. ತನ್ನ ಕೈಯಲ್ಲೇ ಉಂಡ ಹುಡುಗಿ ತನ್ನ ಮೇಲೆ ಹೀಗೆ ಹೇಳಿದಳೇ? ಕೇಳಿಯೇಬಿಡಬೇಕು. ಟೈರು ಅಂಗಡಿಯ ಮೇಲಿನ ಒಂಟಿ ಕೋಣೆ ಅದು. ಕಬ್ಬಿಣದ ಮೆಟ್ಟಿಲು ಹತ್ತುವಾಗ ಮಂಡಿಯೊಳಗೆ ಯಾರೋ ಮೊಳೆ ಹೊಡೆದಂತಾಗುತ್ತಿತ್ತು.

ಗುಬ್ಬಿ ಗೋಡೆಗೊರಗಿ ಕೂತಿದ್ದಳು. ಅವಳ ಕಣ್ಣು ಕಂಡದ್ದೇ ಅಕ್ಕನ ಸಿಟ್ಟು ಇಳಿಯಿತು. ಬಿಳಿಯೆನ್ನುವುದೇ ಇರಲಿಲ್ಲ ಅಲ್ಲಿ. "ನನ್ನ ನೀರಿಂದ ಬಂತು ಅಂದ್ಯಂತೆ?" ಎಂದು ಮೆತ್ತಗೆ ಕೇಳಿದಳು.

"ನೀರಿಂದ ಅಂತ ನಾನ್ಯಾಕೆ ಹೇಳ್ಲಿ ಅಕ್ಕಾ?" ಗುಬ್ಬಿಯ ಸ್ವರ ಆಳದಿಂದ ಬಂತು. "ನೀರಿಂದ ಬರೋ ಕಾಮಾಲೆ ಇದಲ್ಲ ಅಂತ ಡಾಕ್ಟರಮ್ಮ ರಕ್ತ ನೋಡಿ ಹೇಳಿದ್ರು. ಯಾತರಿಂದ ಅಂತ ಅವರಿಗೂ ಇನ್ನೂ ಗೊತ್ತಾಗಿಲ್ಲ."

ಅಷ್ಟರಲ್ಲಿ ಅವಳ ತಾಯಿ ಲೋಟ ಹಿಡಿದು ಬಂದಳು. ಇನ್ನೊಂದು ಅಂಗೈಯಲ್ಲಿ ಕಿತ್ತಳೆ ಬಣ್ಣದ ಮಾತ್ರೆ.

"ಇದೆಲ್ಲಿಂದ ಬಂತು?"

"ಮೈಕೈ ನೋವು ಅಂತ ಒದ್ದಾಡ್ತಾಳೆ ನೋಡಿ. ಬೇಗ ಎದ್ದು ಬರ್ಲಿ ಅಂತ ಪಾಪ ಮೇಸ್ತ್ರೀನೇ ಒಂದು ಹಿಡಿ ಕಳಿಸಿಕೊಟ್ಟಿದ್ದಾರೆ."

ಅಕ್ಕ ಗುಬ್ಬಿಯ ಕಡೆ ತಿರುಗಿದಳು. "ಇದನ್ನ ನುಂಗ್ತೀಯ ಅಂತ ಡಾಕ್ಟರಮ್ಮಂಗೆ ಹೇಳಿದ್ಯೇನೇ?"

"ಏನಾದ್ರೂ ಔಷಧಿ ತಗೋತೀಯಾ ಅಂತ ಕೇಳಿದ್ರು. ಇಲ್ಲ ಅಂದೆ." ಗುಬ್ಬಿ ಅರ್ಥವಾಗದವಳಂತೆ ಅವಳನ್ನೇ ನೋಡಿದಳು. "ಇದು ಔಷಧಿ ಅಲ್ವಲ್ಲ ಅಕ್ಕಾ. ಕೆಲಸದ್ದು. ಸೂಜಿ ದಾರ ಕೊಡೋ ಹಾಗೆ."

ಅಕ್ಕ ಮಾತ್ರೆಯನ್ನು ಕಸಿದುಕೊಂಡಳು. ಗುಬ್ಬಿಯನ್ನು ಹೆಗಲಿಗೆ ಆನಿಸಿಕೊಂಡು ಮೆಟ್ಟಿಲಿಳಿಸಿ, ಆಟೋ ಹತ್ತಿಸಿ, ನೇರ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಮಾತ್ರೆಯನ್ನು ತಿರುಗಿಸಿ ನೋಡಿ ಹಣೆ ಒತ್ತಿಕೊಂಡರು. "ಇದೇ ಇರ್ಬೇಕು. ಎಲ್ಲರಿಗೂ ಹೀಗಾಗಲ್ಲಮ್ಮ, ಅಪರೂಪಕ್ಕೆ ಒಬ್ಬರಿಗೆ ಆಗುತ್ತೆ. ಯಾರಿಗೆ ಅಂತ ಮೊದಲೇ ಹೇಳೋಕಾಗಲ್ಲ. ಇವತ್ತಿಂದ ಇದನ್ನ ಮುಟ್ಟಕೂಡದು. ನಿಲ್ಲಿಸಿದ್ರೆ ಲಿವರು ತಾನಾಗೇ ಸುಧಾರಿಸಿಕೊಳ್ಳೋದೇ ಹೆಚ್ಚು. ನುಂಗ್ತಾ ಹೋಗಿದ್ರೆ ಜೀವಕ್ಕೇ ಬರ್ತಿತ್ತು. ಇಲ್ಲೇ ಇರ್ಲಿ, ನೋಡೋಣ."

ಮರುದಿನ ಬೆಳಿಗ್ಗೆ ಅಕ್ಕ ಡ್ರಮ್ಮನ್ನು ತಿಕ್ಕಿ ತೊಳೆದು, ಹೊಸ ನೀರು ಕಾಯಿಸಿ ತುಂಬಿ, ಮುಚ್ಚಳ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಳು. ಮೇಸ್ತ್ರಿ ಡಬ್ಬಿ ತಂದು ಕಟ್ಟೆಯ ಮೇಲಿಟ್ಟ.

"ಇದನ್ನ ನುಂಗೋಕೆ ನನ್ನ ನೀರು ಕೊಡಲ್ಲ," ಎಂದಳು.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದಳು. ಮೇಸ್ತ್ರಿಯ ಮುಖ ಸಪ್ಪಗಾಯಿತು. ಆದರೂ ಸೋಲಲಿಲ್ಲ. "ನಾನೂ ನುಂಗ್ತೀನಿ, ನಂಗೇನಾಗಿದೆ? ನಾನೇನು ಬಾಯಿಗೆ ತುರುಕಿದ್ನಾ? ಬೇಕು ಬೇಕು ಅಂತ ಕೇಳಿದ್ದು ಇವರೇ."

"ಭುಜ ಬಿದ್ದುಹೋಗೋ ಹಾಗೆ ದುಡಿಸಿಕೊಂಡ್ರೆ ಇನ್ನೇನು ಕೇಳ್ತಾರೋ, ಮಲ್ಲಿಗೆ ಹೂವಾ? ಹಾಸಿಗೆ ಹಿಡಿದ ಗುಬ್ಬಿ ಮನೆಗೂ ಹಿಡಿ ಹಿಡಿ ಕಳಿಸಿದ್ಯಲ್ಲ, ಹೊಟ್ಟೆಗೆ ಏನು ತಿಂತೀಯ?"

ಅಕ್ಕ ಎಣಿಸದಿದ್ದ ಮಾತು ಬಂದದ್ದು ಹೆಂಗಸರ ಕಡೆಯಿಂದ. "ಏಳಕ್ಕಾ," ಎಂದಳು ಬಟ್ಟೆ ಕತ್ತರಿಸುವ ಮುದುಕಿ. ಎಲ್ಲರೂ ಅವಳನ್ನು ಕತ್ತರಿಯಜ್ಜಿ ಎನ್ನುತ್ತಿದ್ದರು. ಮಾತ್ರೆ ಆಗಲೇ ಅವಳ ಮುಷ್ಟಿಯಲ್ಲಿತ್ತು. "ಇದಿಲ್ದೆ ಸಂಜೆವರೆಗೆ ನಿಲ್ಲೋಕಾಗಲ್ಲ. ನಮಗೇನೂ ಆಗಿಲ್ವಲ್ಲ."

"ಗುಬ್ಬಿಗೂ ಏನೂ ಆಗಿರ್ಲಿಲ್ಲ ಅಜ್ಜಿ. ಆಗೋ ತನಕ."

"ನಿನಗೇನು, ಕೂತು ಸೌಟಾಡಿಸೋಳು!"

ಆ ಮಾತು ನಾಟಿತು. ಅಕ್ಕನೂ ಇಂದು ಮಾತ್ರೆ ನುಂಗಿರಲಿಲ್ಲ. ಮಂಡಿ ಊದಿ, ಉರಿದು, ಹಲ್ಲು ಕಚ್ಚಿಸುತ್ತಿತ್ತು. ಸೀರೆಯನ್ನು ಮಂಡಿಯ ತನಕ ಎತ್ತಿ ತೋರಿಸಿದಳು. "ನೋಡು. ನೋಡ್ಕೋ. ಕೆಲಸ ಹೋದ್ರೂ ಹೋಗ್ಲಿ, ನಾನು ಏಳಲ್ಲ."

ಯಾರೂ ಮಿಷಿನ್ನಿಗೆ ಕೂರಲಿಲ್ಲ. ಮೇಸ್ತ್ರಿ ಗೋಡೆಯ ಗಡಿಯಾರ ನೋಡಿದ.

ಅಜ್ಜಿ ಬಹಳ ಹೊತ್ತು ಆ ಊದಿದ ಮಂಡಿಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೈ ಚಾಚಿ, ಮುಷ್ಟಿ ಬಿಚ್ಚಿ, ಮಾತ್ರೆಯನ್ನು ನೆಲಕ್ಕೆ ಉದುರಿಸಿದಳು. ಬೆವರಿಗೆ ಮಾತ್ರೆಯ ಬಣ್ಣ ಬಿಟ್ಟು, ಅಂಗೈಯ ಗೆರೆಗಳೆಲ್ಲ ಕಿತ್ತಳೆಯಾಗಿದ್ದವು.

"ಕೈ ತೊಳ್ಕೋಬೇಕು," ಎಂದಳು. "ನೀರು ಹಾಕು."

ಅಕ್ಕ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದು ಮುಚ್ಚಳ ತೆಗೆದಳು. ಇನ್ನೂ ಆರದ ನೀರಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು.