ಪಣಕ್ಕಿಟ್ಟ ಎಮ್ಮೆ

ನಾಲ್ಕು ಸಲ ಗೆದ್ದ ಶಾಸಕರು ವಯಸ್ಸಾಯಿತೆಂದು ಈ ಸಲ ನಿಲ್ಲಲಿಲ್ಲ. ಕುರ್ಚಿ ಖಾಲಿಯಾದದ್ದೇ ತಡ, ಊರ ಗಂಡಸರ ತಲೆಯೂ ಖಾಲಿಯಾಯಿತು. ಮತದಾನ ಮುಗಿದ ಸಂಜೆ ಚಹಾದಂಗಡಿಯಲ್ಲಿ ಈರಪ್ಪ, ಗಾಳಿಪಟದ ಗುರುತಿನವನೇ ಗೆಲ್ಲುತ್ತಾನೆಂದು ತೊಡೆ ತಟ್ಟಿ ಮನೆಯ ಎಮ್ಮೆಯನ್ನು ಪಣಕ್ಕಿಟ್ಟ. ಎದುರುಮನೆಯ ಅಬ್ದುಲಮಜೀದ ಬಿಡುತ್ತಾನೆಯೇ? ಹೊಲಿಗೆ ಯಂತ್ರದ ಗುರುತಿನವಳ ಮೇಲೆ ತನ್ನ ಎಮ್ಮೆ ಕಟ್ಟಿದ.

ಈರಪ್ಪ ಕಟ್ಟಿದ್ದು ಹೆಂಡತಿ ಮಹಾದೇವಕ್ಕನ ಎಮ್ಮೆ. ಅಣ್ಣಿಗೇರಿಯ ತವರಿನಿಂದ ಬಂದದ್ದು. ಅವಳ ಕೈಖರ್ಚೆಲ್ಲ ಅದರ ಹಾಲಿನದೇ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಮತಗಟ್ಟೆಯ ಬಾಗಿಲಲ್ಲೂ ಅಷ್ಟೇ, ಗಾಳಿಪಟ ಒತ್ತು ಎಂದು ಹೇಳಿ ಒಳಗೆ ಕಳಿಸಿದ್ದ. ಅವಳು ಹೊಲಿಗೆ ಯಂತ್ರ ಒತ್ತಿ ಬಂದಿದ್ದಳು. ಈಗ ಎಮ್ಮೆ ಉಳಿಯಲೆಂದು ಗಾಳಿಪಟಕ್ಕೆ ಹರಕೆ ಹೊರಬೇಕಾದ ಫಜೀತಿ.

ಎಣಿಕೆಯ ದಿನ ಗಂಡಸರು ಇನ್ನೊಂದು ಹುಚ್ಚು ಕಟ್ಟಳೆ ಮಾಡಿದರು: ಯಾವ ಸುತ್ತಿನಲ್ಲಿ ಯಾರು ಮುಂದೋ ಅವರ ಗೂಟಕ್ಕೆ ಎರಡೂ ಎಮ್ಮೆ. ಗಾಳಿಪಟ ಮುನ್ನೂರು ಮುಂದೆ ಎಂದರೆ ಎಮ್ಮೆಗಳು ಈಚೆಗೆ, ಹೊಲಿಗೆ ಯಂತ್ರ ನಲವತ್ತು ಮುಂದೆ ಎಂದರೆ ಆಚೆಗೆ. ಹಲಗೆ ಬಡಿಯುವ ಸದ್ದು, ಗುಲಾಲು, ಓಣಿಯ ತುಂಬ ನಗು. ಮಧ್ಯಾಹ್ನದ ಹೊತ್ತಿಗೆ ಎಮ್ಮೆಗಳ ಕೊಂಬು ಕೆಂಪಾಗಿ, ಏಳನೆಯ ಸಲ ಯಾರೂ ಹಗ್ಗ ಹಿಡಿಯುವ ಮೊದಲೇ ತಾವಾಗಿ ಓಣಿ ದಾಟಿದವು. ಮಜೀದನ ಹೆಂಡತಿ ರಾಜಮಾಬಿ ಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕಳು. ಮಹಾದೇವಕ್ಕನೂ ನಕ್ಕಳು, ಕಣ್ಣು ಮಾತ್ರ ತನ್ನ ಎಮ್ಮೆಯ ಹಗ್ಗದ ಮೇಲೇ ಇತ್ತು.

ಕೊನೆಯ ಸುತ್ತು ಮುಗಿಯಿತು, ಮರು ಎಣಿಕೆಯೂ ಆಯಿತು. ಹೊಲಿಗೆ ಯಂತ್ರಕ್ಕೆ ಗೆಲುವು, ಅದೂ ಒಂದೇ ಮತದಿಂದ.

ಈರಪ್ಪ ಅಂಗಳದಲ್ಲೇ ಕುಸಿದು ಕುಳಿತ.

"ಒಂದ ವೋಟು. ಯಾ ಪುಣ್ಯಾತ್ಮ ಹಾಕಿದ್ನೋ ಏನೋ."

"ನಾ ಹಾಕೀನ್ರಿ," ಎಂದಳು ಮಹಾದೇವಕ್ಕ. "ಹೊಲಿಗಿ ಮಷೀನಿನಾಕಿ ಮನಿಗೆ ಬಂದು, ಅಕ್ಕಾ ನಿಮ್ಮ ವೋಟು ಯಾರಿಗಿ ಅಂತ ನನ್ನ ಕೇಳಿದ್ಲು. ನೀವು ಎಂದಾದ್ರೂ ಕೇಳೀರೇನು?"

ಮಹಾದೇವಕ್ಕ ಎಮ್ಮೆಯ ಕೊರಳು ಸವರಿ, ಹಗ್ಗವನ್ನು ತಾನೇ ರಾಜಮಾಬಿಯ ಕೈಗೆ ಕೊಟ್ಟಳು. ಸಂಕಟಕ್ಕೆ ಕಣ್ಣು ತುಂಬಿತ್ತು, ಆದರೂ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಮನೆಯಲ್ಲಿ ನಡೆಯದ ಅವಳ ಮಾತು ಇವತ್ತು ಇಡೀ ಕ್ಷೇತ್ರದಲ್ಲಿ ನಡೆದಿತ್ತು.