ಕೆಂಪು ಗುಂಡುಸೂಜಿ

ದೊಡ್ಡಾಸ್ಪತ್ರೆಯನ್ನೂ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ವಿಭಾಗವನ್ನೂ ಸರ್ಕಾರ ಒಂದೇ ಆಡಳಿತಕ್ಕೆ ಸೇರಿಸಿ ಎರಡು ವರ್ಷವಾಗಿತ್ತು. ‘ಇನ್ನು ನಾವೆಲ್ಲ ಒಂದೇ ಮನೆಯವರು’ ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಒಂದೇ ಮನೆಯವರು, ಸರಿ. ಮಾತು ಬಿಟ್ಟವರು.

ಮನೆ ವಿಭಾಗದ ಕೋಣೆಯಲ್ಲಿ ಒಂದು ಹಲಗೆ, ಅದರ ಮೇಲೆ ರೋಗಿಗಳ ಹೆಸರು. ಯಾರಾದರೂ ಆಸ್ಪತ್ರೆಗೆ ಸೇರಿದರೆ ಅವರ ಹೆಸರಿನ ಪಕ್ಕ ಕೆಂಪು ಗುಂಡುಸೂಜಿ ಚುಚ್ಚಬೇಕು. ಮನೆಗೆ ಕಳಿಸಿದ್ದೇವೆಂದು ವಾರ್ಡಿನಿಂದ ಚೀಟಿ ಬಂದ ಮೇಲೆಯೇ ಅದನ್ನು ಕೀಳಬೇಕು. ಸೂಜಿ ಇರುವ ತನಕ ಆ ಮನೆಗೆ ಹೋಗುವಂತಿಲ್ಲ. ಸೈಕಲ್ ಸಿಸ್ಟರ್ ಎಂದೇ ಎಲ್ಲರೂ ಕರೆಯುವ ನರ್ಸ್ ಹೋದ ತಿಂಗಳು ಚೀಟಿ ಇಲ್ಲದೆ ಒಬ್ಬ ಬಾಣಂತಿಯನ್ನು ನೋಡಿಬಂದು ಮೇಲ್ವಿಚಾರಕಿಯಿಂದ ಎಲ್ಲರೆದುರು ಬೈಸಿಕೊಂಡಿದ್ದಳು.

“ನಿನ್ನ ಕರುಣೆನ ಭಾನುವಾರಕ್ಕೆ ಇಟ್ಕೊಳಮ್ಮ. ಇಲ್ಲಿ ಚೀಟಿ ನೋಡಿ ಕೆಲಸ ಮಾಡು.”

ದರ್ಜಿ ತಾತ ಆಸ್ಪತ್ರೆಗೆ ಸೇರಿದಾಗ ಅವನ ಹೆಸರಿಗೆ ಸೂಜಿ ಚುಚ್ಚಿದವಳು ಸೈಕಲ್ ಸಿಸ್ಟರೇ. ಸಕ್ಕರೆ ಕಾಯಿಲೆಯ ಮನುಷ್ಯ, ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗಾಯ. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. “ಕಣ್ಣು ಹೋದ್ರೆ ಕನ್ನಡಕ ಇದೆ, ಹಲ್ಲು ಹೋದ್ರೆ ಸೆಟ್ಟು ಇದೆ. ಈ ಕಾಲೊಂದು ಉಳಿಸಿಕೊಡು ಮಗಳೇ. ಮಿಷನ್ನು ತುಳೀದೆ ಕೂತ್ರೆ ನಾನೊಂದು ಮೂಟೆ,” ಎನ್ನುತ್ತಿದ್ದ.

ಸೋಮವಾರ ತಾತನ ಓಣಿಯಲ್ಲಿ ಹೋಗುವಾಗ ಯಂತ್ರದ ಸದ್ದು ಕೇಳಿತು. ಅವಳು ಬ್ರೇಕು ಹಿಡಿದಳು. ತಾತನ ತಂಗಿಗೂ ಹೊಲಿಗೆ ಬರುತ್ತದೆ, ಅವಳೇ ಇರಬೇಕು ಎಂದುಕೊಂಡಳು. ಬೆಳಿಗ್ಗೆ ಹಲಗೆ ನೋಡಿಯೇ ಹೊರಟಿದ್ದಳು, ಸೂಜಿ ಇತ್ತು. ಬಾಗಿಲು ತಟ್ಟಿ ಒಂದು ಮಾತು ಕೇಳಿದ್ದರೆ ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಅಡ್ಡ ಬಂದ ನಾಯಿಗೆ ಬೆಲ್ ಹೊಡೆದು ಮುಂದೆ ಹೋದಳು. ಮರುದಿನವೂ ಸದ್ದು ಕೇಳಿತು. ಅದರ ಮರುದಿನ ಕೇಳಲಿಲ್ಲ.

ತಾತ ಮನೆಗೆ ಬಂದ ಒಂಬತ್ತನೇ ದಿನಕ್ಕೆ ಚೀಟಿ ಕೈಗೆ ಬಂತು. ವಾರ್ಡಿನಲ್ಲಿ ಊಟದ ಲಿಸ್ಟುಗಳ ಅಡಿ ಬಿದ್ದಿತ್ತಂತೆ. ತಾರೀಖು ನೋಡಿದವಳೇ ಸೂಜಿ ಕಿತ್ತು ಸೈಕಲ್ ಹತ್ತಿದಳು.

ತಾತನ ತಂಗಿ ಬಾಗಿಲು ತೆಗೆದಳು. ಕೋಣೆಗೆ ಕಾಲಿಡುವ ಮೊದಲೇ ವಾಸನೆ ಮೂಗಿಗೆ ಬಡಿಯಿತು.

“ಬಾರಮ್ಮ, ದಿನಾ ನೀರು ಕಾಯ್ಸಿಟ್ಟು ಕಾಯ್ತಿದ್ವಿ. ಎರಡು ದಿನ ಎಡಗಾಲಲ್ಲಿ ಮಿಷನ್ ತುಳಿದ, ಆಮೇಲೆ ಜ್ವರ ಹಿಡೀತು. ಪಟ್ಟಿ ಬಿಚ್ಚಿ ನೋಡ್ತೀನಿ ಅಂದ್ರೆ ಅಣ್ಣ ಬಿಡಲಿಲ್ಲ. ಮನೆ ಸಿಸ್ಟರ್ ಬಿಟ್ಟು ಬೇರೆ ಯಾರೂ ಮುಟ್ಟಬಾರ್ದು ಅಂತ ವಾರ್ಡಲ್ಲಿ ಹೇಳಿದ್ರಂತೆ.”

ತಾತನ ಮೈ ಕೆಂಡವಾಗಿತ್ತು. “ನಿನ್ನ ಬೆಲ್ಲು ಕೇಳಿಸ್ತಿತ್ತು ಮಗಳೇ. ನಮಗಿಂತ ಕಷ್ಟದಲ್ಲಿರೋರ ಮನೆಗೆ ಹೋಗ್ತಿದಾಳೆ, ನಮ್ಮ ಸರದಿ ನಾಳೆ ಬರುತ್ತೆ ಅಂತ ಇವಳಿಗೆ ಹೇಳ್ತಿದ್ದೆ.”

ಅವಳು ಪಟ್ಟಿ ಬಿಚ್ಚಿದಳು. ಹೆಬ್ಬೆರಳು ಕಪ್ಪಾಗಿತ್ತು. ಆ ಕಪ್ಪು ಹಿಮ್ಮಡಿಯವರೆಗೂ ಹಬ್ಬಿತ್ತು.

ತಾತನನ್ನು ಆಂಬುಲೆನ್ಸಿಗೆ ಹತ್ತಿಸಿ ಬಂದು, ಹಲಗೆಗೆ ಅದೇ ಸೂಜಿ ಚುಚ್ಚಿ, ಮೇಲ್ವಿಚಾರಕಿಯ ಮೇಜಿಗೆ ಗುದ್ದಿದಳು.

“ಮಿಷನ್ ಸದ್ದು ಕೇಳಿ ನಿಂತಿದ್ದೆ ನಾನು. ನಿಮ್ಮ ಚೀಟಿಗೆ ಹೆದರಿ ಮುಂದೆ ಹೋದೆ.”

“ನಿಯಮದ ಪ್ರಕಾರ ನೀನು ಮಾಡಿದ್ದು ಸರಿಯಾಗೇ ಇದೆಯಮ್ಮ,” ಎಂದಳು ಮೇಲ್ವಿಚಾರಕಿ ಮೆತ್ತಗೆ. “ನಿನ್ನ ಮೇಲೆ ಯಾವ ತಪ್ಪೂ ಬರಲ್ಲ.”

ಅದರ ಬದಲು ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಮುಂದಿನ ಸಲ ಚೀಟಿ ತಡವಾಗಲಿಲ್ಲ. ತಾತ ಮನೆ ಸೇರುವ ಮೊದಲೇ ಬಂದಿತ್ತು. ‘ಬಲಗಾಲು ಮಂಡಿಯ ಕೆಳಗೆ ತೆಗೆಯಲಾಗಿದೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್.’ ಅವಳು ಸೂಜಿ ಕಿತ್ತಳು. ಓಣಿಯ ಮೂಲೆಯಲ್ಲೇ ಇಳಿದು, ಸದ್ದಾಗದಂತೆ ಸೈಕಲ್ ತಳ್ಳಿಕೊಂಡು ಹೋದಳು.

ಯಂತ್ರದ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದ್ದರು. ತಾತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ಬೆಲ್ ಕೇಳಿಸ್ಲಿಲ್ಲ,” ಎಂದ, ತಿರುಗದೆ. “ಕೆಟ್ಟಿದೆಯಾ?”

“ಹೂಂ ತಾತ,” ಎಂದು ಸುಳ್ಳು ಹೇಳಿದಳು.

ತಂಗಿ ಬಿಸಿನೀರಿನ ಪಾತ್ರೆ ತಂದು ನೆಲಕ್ಕೆ ಕುಕ್ಕಿದಳು. ಬಾರಮ್ಮ ಅನ್ನಲಿಲ್ಲ.